ಶನಿವಾರದ ರೆಗಟ್ಟಾ: ಕ್ರೂ ಮಕ್ಕಳು, ಪೋಷಕರು ಓದಿ

ಎಲ್ಲರಿಗೂ ನಮಸ್ಕಾರ. ಶನಿವಾರ, ಭಾನುವಾರದ ಹಾಯಿದೋಣಿ ಸ್ಪರ್ಧೆಯಲ್ಲಿ ‘420’ ಎಂಬ ಮಾದರಿಯ ಇಬ್ಬರ ದೋಣಿಗಳಿಗೆ ಮೊದಲ ಸಲ ಕ್ರೂ (ಚುಕ್ಕಾಣಿ ಹಿಡಿಯುವವರ ಜೊತೆಗಾರ) ಆಗಿ ಇಳಿಯುತ್ತಿರುವ ವಿದ್ಯಾರ್ಥಿಗಳಿಗಾಗಿ ಈ ಸೂಚನೆ. ಚುಕ್ಕಾಣಿ ಹಿಡಿಯುವವರಿಗೆ ಇದೆಲ್ಲ ಗೊತ್ತಿದೆ, ಆದರೂ ಒಮ್ಮೆ ಓದಿಬಿಡಿ.

ಬೆಳಿಗ್ಗೆ 7ಕ್ಕೆ ದೋಣಿಯ ಹತ್ತಿರ ಇರಬೇಕು. ಲೈಫ್ ಜಾಕೆಟ್, ಟ್ರಪೀಝ್ ಹಾರ್ನೆಸ್ (ಕಂಬದಿಂದ ಬರುವ ತಂತಿಗೆ ಸಿಕ್ಕಿಸಿಕೊಂಡು ದೋಣಿಯ ಹೊರಗೆ ವಾಲಲು ತೊಡುವ ಪಟ್ಟಿ), ಗ್ಲೌಸ್, ಒದ್ದೆಯಾದರೆ ಬದಲಿಸಲು ಬಟ್ಟೆ, ನೀರು ತನ್ನಿ. ಹಾರ್ನೆಸ್ ಅಳತೆ ಶುಕ್ರವಾರವೇ ಸರಿ ನೋಡಿಕೊಳ್ಳಿ. ನೀರಿನ ಮೇಲೆ ಬಕಲ್ ಜೊತೆ ಗುದ್ದಾಡಲು ಸಮಯ ಸಿಗುವುದಿಲ್ಲ.

ಸ್ಟಾರ್ಟ್ ವಿಷಯದಲ್ಲಿ ಹೆಚ್ಚು ಗೊಂದಲವಾಗುವುದು ಕ್ರೂಗೇ. ಸ್ಟಾರ್ಟ್‌ಗೆ 5 ನಿಮಿಷ ಇರುವಾಗ ಕ್ಲಾಸ್ ಬಾವುಟ (ನಮ್ಮ ದೋಣಿ ಮಾದರಿಯ ಬಾವುಟ) ಏರುತ್ತದೆ, 4ಕ್ಕೆ ಸಿದ್ಧತಾ ಬಾವುಟ, 1 ನಿಮಿಷಕ್ಕೆ ಅದು ಇಳಿಯುತ್ತದೆ, ಕ್ಲಾಸ್ ಬಾವುಟ ಇಳಿದ ಕ್ಷಣವೇ ಸ್ಟಾರ್ಟ್. ಬಾವುಟದ ಜೊತೆ ಬರುವ ಸದ್ದಿಗೆ ಕಾಯಬೇಡಿ, ನಿಯಮದ ಪ್ರಕಾರ ಲೆಕ್ಕಕ್ಕೆ ಬರುವುದು ಬಾವುಟ. ವಾಚ್ ನೋಡಿ ಸೆಕೆಂಡು ಜೋರಾಗಿ ಹೇಳುವ ಕೆಲಸ ನಿಮ್ಮದು. ಜಿಬ್ (ಮುಂದಿನ ಚಿಕ್ಕ ಹಾಯಿ), ಸ್ಪಿನೇಕರ್ (ಗಾಳಿ ಹಿಂದಿನಿಂದ ಬರುವಾಗ ಬಿಚ್ಚುವ ಉಬ್ಬು ಹಾಯಿ) ನಿಮ್ಮ ಕೈಯಲ್ಲೇ ಇರುತ್ತವೆ. ಜೈಬ್ ಮಾಡುವಾಗ (ಹಿಂದಿನಿಂದ ಗಾಳಿ ಇರುವಾಗ ಹಾಯಿಯನ್ನು ಇನ್ನೊಂದು ಬದಿಗೆ ತಿರುಗಿಸುವಾಗ) ತಲೆ ಬಗ್ಗಿಸಿ, ಬೂಮ್ (ದೊಡ್ಡ ಹಾಯಿಯ ಕೆಳಗಿನ ಅಡ್ಡ ಕೋಲು) ಯಾರ ಮುಲಾಜನ್ನೂ ನೋಡುವುದಿಲ್ಲ!

ದೋಣಿ ಮಗುಚಿದರೆ ಗಾಬರಿ ಬೇಡ. ದೋಣಿ ಬಿಟ್ಟು ಈಜಬೇಡಿ, ಹಿಡಿದುಕೊಂಡೇ ಇರಿ. ಮೊದಲು ಜೊತೆಗಾರರನ್ನು ಕೂಗಿ ಮಾತಾಡಿಸಿ.

ಪೋಷಕರೇ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಗುರುವಾರ ಸಂಜೆಯೊಳಗೆ ಕಳಿಸಿ. ಈಜು ಬಾರದ ಮಕ್ಕಳಿದ್ದರೆ ದಯವಿಟ್ಟು ಸಂಕೋಚವಿಲ್ಲದೆ ನನಗೆ ಪ್ರತ್ಯೇಕವಾಗಿ ತಿಳಿಸಿ. ಬರುವವರು ಇಲ್ಲೇ ಹೆಸರು ಮತ್ತು ದೋಣಿಯ ಹಾಯಿ ಸಂಖ್ಯೆ ಹಾಕಿ. ಬರೀ ಹೆಬ್ಬೆರಳಿನ ಇಮೋಜಿ ಒತ್ತಿದರೆ ಯಾರು ಬರುತ್ತಾರೆಂದು ನನಗೆ ಗೊತ್ತಾಗಲ್ಲ.