ಅರವತ್ತೇಳಕ್ಕೆ ಬಣ್ಣ ಹಚ್ಚಿದ ನಿಮ್ಮೂರಿನ ಅಜ್ಜ

ಪ್ರೀತಿಯ ಪುಟ್ಟಿ,

ಭಾನುವಾರ ಫೋನಿನಲ್ಲಿ "ಮೂವತ್ನಾಲ್ಕಾಯ್ತಮ್ಮ, ಇನ್ನೆಂಥ ನಾಟಕ" ಅಂದೆಯಲ್ಲ, ಆಗ ನನಗೆ ಮಾತೇ ಹೊರಡಲಿಲ್ಲ. ರಾತ್ರಿ ಪಾತ್ರೆ ತೊಳೆಯುವಾಗ ನಿನ್ನ ಪಿಟ್ಸ್‌ಬರ್ಗಿನವನೇ ಆದ ಒಬ್ಬ ಅಜ್ಜ ನೆನಪಾದ. ಬರ್ಟ್ ಮಸ್ಟಿನ್ ಅಂತ, ಅಮೆರಿಕದ ನಟ.

ಹುಟ್ಟಿದ್ದು 1884ರಲ್ಲಿ. ಓದಿದ್ದು ಎಂಜಿನಿಯರಿಂಗ್, ಹೊಟ್ಟೆಪಾಡಿಗೆ ಕಾರು ಮಾರಾಟ. ಜೊತೆಗೆ ಹವ್ಯಾಸಿ ನಾಟಕ, ನಾಲ್ವರು ಸೇರಿ ವಾದ್ಯವಿಲ್ಲದೆ ಹಾಡುವ ಬಾರ್ಬರ್‌ಶಾಪ್ ಹಾಡು. ಕೆಲಸದಿಂದ ನಿವೃತ್ತನಾಗಿ ಅರಿಜೋನಾ ಸೇರಿದ ಮೇಲೂ ಗೀಳು ಬಿಡಲಿಲ್ಲ. ಅಲ್ಲಿ ರಂಗದ ಮೇಲೆ ಅವನನ್ನು ಕಂಡ ನಿರ್ದೇಶಕ ವಿಲಿಯಂ ವೈಲರ್, 1951ರ 'ಡಿಟೆಕ್ಟಿವ್ ಸ್ಟೋರಿ' ಸಿನಿಮಾದಲ್ಲಿ ಕಟ್ಟಡ ಗುಡಿಸುವ ಜಾನಿಟರನ ಪಾತ್ರ ಕೊಟ್ಟ. ಅವನ ಮೊದಲ ಸಿನಿಮಾ ಅದು. ವಯಸ್ಸು ಅರವತ್ತೇಳು!

ಆಮೇಲೆ ಇಪ್ಪತ್ತೈದು ವರ್ಷ ಟಿವಿಯಲ್ಲಿ ಮುದುಕ ಬೇಕೆಂದರೆ ಅವನನ್ನೇ ಕರೆಯುತ್ತಿದ್ದರು. 'ಲೀವ್ ಇಟ್ ಟು ಬೀವರ್'ನಲ್ಲಿ ಪುಟ್ಟ ಹುಡುಗ ಮನಸ್ಸಿನ ಮಾತು ಹೇಳಿಕೊಳ್ಳಲು ಹುಡುಕಿಕೊಂಡು ಬರುವ ಅಗ್ನಿಶಾಮಕ ದಳದ ಗಸ್ ಅವನೇ. ನನಗೆ ತುಂಬ ಹಿಡಿಸಿದ್ದು 'ಆಲ್ ಇನ್ ದ ಫ್ಯಾಮಿಲಿ'ಯ ಕ್ವಿಗ್ಲಿ. ವೃದ್ಧಾಶ್ರಮ ಬಿಟ್ಟು ಬಂದ ಮುದುಕ. ಅದೇ ಬೋಳುತಲೆ, ಅದೇ ಒಣಕಲು ಮೈ, ಆದರೆ ಗಸ್‌ನ ನೆರಳೂ ಇಲ್ಲ. ಆ ಮುದುಕನನ್ನು ಯಾರೂ ಅಯ್ಯೋ ಪಾಪ ಅನ್ನದ ಹಾಗೆ ಆಡಿದ್ದಾನೆ, ಪುಟ್ಟಿ. ನಮ್ಮಲ್ಲಿ ವಯಸ್ಸಾದವರ ಪಾತ್ರ ಅಂದರೆ ಕೆಮ್ಮು, ನಡುಗುವ ಕೋಲು ಅಷ್ಟೇ ಅನ್ನುವ ಹಾಗೆ ಆಗಿಬಿಟ್ಟಿದೆ, ನನಗದು ಸಂಕಟ.

ಕೊನೆಗೆ 'ಫಿಲಿಸ್' ಧಾರಾವಾಹಿ. ತೊಂಬತ್ತೆರಡರ ಇವನಿಗೂ ಎಂಬತ್ತಾರರ ಜೂಡಿತ್ ಲೋರಿಗೂ ಕಥೆಯಲ್ಲಿ ಮದುವೆ. ಆ ಸಂಚಿಕೆ 1976ರ ಡಿಸೆಂಬರಿನಲ್ಲಿ ಪ್ರಸಾರವಾಗುವುದಕ್ಕೆ ಎರಡು ವಾರ ಮೊದಲೇ ಆಕೆ ತೀರಿಕೊಂಡಿದ್ದಳು. ಮರುತಿಂಗಳು ಇವನೂ ಹೋದ. ಟಿವಿಯಲ್ಲಿ ಮಾತ್ರ ಇಬ್ಬರೂ ಮದುಮಕ್ಕಳು. ಅದನ್ನು ಓದಿದ ದಿನ ಸಂಜೆ ದೀಪ ಹಚ್ಚುವುದನ್ನೂ ಮರೆತು ಕೂತಿದ್ದೆ.

ಕನ್ನಡ ಕೂಟದ ನಾಟಕದಲ್ಲಿ ನಿನಗೆ ಕೊಟ್ಟ ಅಜ್ಜಿಯ ಪಾತ್ರಕ್ಕೆ ನಾಲ್ಕೇ ಮಾತು ಅಂದೆಯಲ್ಲ. ಬೇಡ ಅಂತ ಇನ್ನೂ ಹೇಳಿಲ್ಲ ತಾನೆ? ಆ ನಾಲ್ಕು ಮಾತನ್ನು ಬರುವ ಭಾನುವಾರ ವಿಡಿಯೋ ಕಾಲಿನಲ್ಲಿ ನನಗೆ ಆಡಿ ತೋರಿಸು. ನಮ್ಮಜ್ಜಿ ಮಣೆಯಿಂದ ಏಳುವಾಗ ಮೊದಲು ಸೆರಗು ಸಿಕ್ಕಿಸಿಕೊಂಡು, ಆಮೇಲೆ ಎಡಗೈ ನೆಲಕ್ಕೆ ಊರಿ, ಒಂದು ಗಳಿಗೆ ಹಾಗೇ ನಿಲ್ಲುತ್ತಿದ್ದಳು. ನಿನಗೆ ನೆನಪಿದೆಯಾ?

ನಿನ್ನ,
ಅಮ್ಮ