ಕೆಲ್ಸಿಯ ಬಲಗಡೆಯ ಜಾಗ

"ಅಮ್ಮಾ, ಕೆಲ್ಸಿ ಇಲ್ದೇನೂ ಗೆದ್ಬಿಟ್ವಲ್ಲಾ!" 2025ರ ಫೆಬ್ರವರಿ 9ರ ರಾತ್ರಿ ನಮ್ಮ ಫಿಲಡೆಲ್ಫಿಯಾ ಈಗಲ್ಸ್ ತಂಡವು ಅಮೆರಿಕನ್ ಫುಟ್‌ಬಾಲ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನಲ್ಲಿ ಕ್ಯಾನ್ಸಸ್ ಸಿಟಿ ಚೀಫ್ಸ್ ತಂಡವನ್ನು 40-22ರಿಂದ ಸೋಲಿಸಿದಾಗ ನನ್ನ ಮಗ ಆಡಿದ ಮಾತಿದು. ಮೇಲ್ನೋಟಕ್ಕೆ ಅವನ ಮಾತಿನಲ್ಲಿ ತಪ್ಪಿಲ್ಲ. ಹದಿಮೂರು ವರ್ಷ ಒಂದೇ ತಂಡಕ್ಕೆ ಆಡಿದ ಜೇಸನ್ ಕೆಲ್ಸಿ 2024ರ ಮಾರ್ಚ್ 4ರಂದು ಕಣ್ಣೀರು ಒರೆಸಿಕೊಳ್ಳುತ್ತ ನಿವೃತ್ತಿ ಘೋಷಿಸಿದ ಮೇಲೆ ಬಂದ ಮೊದಲ ಋತು ಇದು. ನಮ್ಮ ಕನ್ನಡ ಕೂಟದ ಯುಗಾದಿ ಸಂಚಿಕೆಗೆ ಬೇವು-ಬೆಲ್ಲದ ಬಗ್ಗೆ ಬರೆಯಬೇಕೆಂದು ಕುಳಿತಿದ್ದೆ. ರಾತ್ರಿ ಹನ್ನೊಂದು ದಾಟಿದೆ, ಬೆಳಿಗ್ಗೆ ಪುಟಗಳು ಮುದ್ರಣಕ್ಕೆ ಹೋಗಬೇಕು, ಆದರೆ ಆ ಮಾತಿಗೆ ಅಂದು ಕೊಡಲಾಗದ ಉತ್ತರವೇ ಈಗ ಬರವಣಿಗೆಗೆ ಬರುತ್ತಿದೆ.

ಆಟ ನೋಡದವರಿಗಾಗಿ ಇಷ್ಟು ಹೇಳಿದರೆ ಸಾಕು. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಕಾಯಲು ಮತ್ತು ಓಡುವವನಿಗೆ ದಾರಿ ಬಿಡಿಸಲು ಮುಂದೆ ಐವರು ಸಾಲಾಗಿ ನಿಲ್ಲುತ್ತಾರೆ. ನಡುವೆ ಸೆಂಟರ್, ಅವನ ಎರಡು ಪಕ್ಕಕ್ಕೆ ಗಾರ್ಡ್‌ಗಳು, ಅಂಚಿನಲ್ಲಿ ಟ್ಯಾಕಲ್‌ಗಳು. ಎದುರಾಳಿಗಳು ನಿಂತ ಬಗೆಯನ್ನು ಓದಿ, ಯಾರು ಯಾರನ್ನು ತಡೆಯಬೇಕೆಂದು ಕೂಗಿ ಹೇಳಿ, ಆಮೇಲೆ ಚೆಂಡನ್ನು ಹಿಂದಕ್ಕೆ ಕೊಡುವವನು ಸೆಂಟರ್. ಕೆಲ್ಸಿಯವರದು ಆ ಜಾಗ.

ನಮ್ಮ ಮನೆಗೆ ಅವರ ಪರಿಚಯವಾದದ್ದು ಗೆಲುವಿನ ವರ್ಷದಲ್ಲಿ ಅಲ್ಲ, 2020ರಲ್ಲಿ. ಆ ವರ್ಷ ಕೂಟದ ದೀಪಾವಳಿಯನ್ನು ಪರದೆಯ ಚೌಕಗಳಲ್ಲಿ ಮಾಡಿದ್ದು, ಊರಿನಿಂದ ಬಂದ ಫೋನ್‌ಗಳಿಗೆ ಹೊರಟು ಹೋಗಲಾಗದೆ ಕುಳಿತದ್ದು ನಿಮಗೆಲ್ಲ ನೆನಪಿದೆ. ಭಾನುವಾರ ಮಧ್ಯಾಹ್ನಗಳನ್ನು ಕಳೆಯುವುದಕ್ಕೆಂದು ಏಳು ವರ್ಷದ ಮಗನೊಡನೆ ಆಟ ನೋಡತೊಡಗಿದೆ. ಈಗಲ್ಸ್ ಆ ವರ್ಷ ನಾಲ್ಕು ಗೆದ್ದು ಹನ್ನೊಂದು ಸೋತು ಒಂದನ್ನು ಸಮ ಮಾಡಿಕೊಂಡಿತು. ಋತು ಶುರುವಾಗುವ ಮೊದಲೇ ಸಾಲು ಮುರಿದಿತ್ತು. ಬಲ ಗಾರ್ಡ್ ಬ್ರಾಂಡನ್ ಬ್ರೂಕ್ಸ್ ಅವರಿಗೆ ಜೂನ್‌ನಲ್ಲಿ ಹಿಮ್ಮಡಿಯ ಸ್ನಾಯು ಹರಿಯಿತು, ಎಡ ಟ್ಯಾಕಲ್ ಆಗಬೇಕಿದ್ದ ಆಂಡ್ರೆ ಡಿಲ್ಲರ್ಡ್ ಅವರಿಗೆ ಆಗಸ್ಟ್‌ನಲ್ಲಿ ತೋಳಿನ ಸ್ನಾಯು ಹರಿಯಿತು. ವಾರಕ್ಕೊಂದು ಹೊಸ ಮುಖ ಬರುತ್ತಿದ್ದಾಗ ನಡುವಿನ 62ನೆಯ ಅಂಗಿ ಮಾತ್ರ ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ. ಪ್ರತಿ ಸಲ ಚೆಂಡನ್ನು ಹಿಂದಕ್ಕೆ ಕೊಡುವ ಮುಂಚೆ ಕೆಲ್ಸಿ ಎಡಕ್ಕೆ ತಿರುಗಿ ಒಂದು ಮಾತು, ಬಲಕ್ಕೆ ತಿರುಗಿ ಒಂದು ಮಾತು ಹೇಳುವುದನ್ನು ನೋಡಿ ಮಗ, "ಅವ್ರು ಮೇಷ್ಟ್ರಾ ಅಮ್ಮಾ?" ಎಂದು ಕೇಳಿದ್ದ.

ಆ ಹೊಸಬರಲ್ಲಿ ಒಬ್ಬರು ಜೋರ್ಡನ್ ಮೈಲಾಟಾ. ಸಿಡ್ನಿಯಲ್ಲಿ ರಗ್ಬಿ ಆಡಿಕೊಂಡಿದ್ದ ಅವರು ಈ ಆಟದ ಒಂದೇ ಒಂದು ಪಂದ್ಯವನ್ನೂ ಆಡದೆ ತಂಡಗಳು ಸರದಿಯಲ್ಲಿ ಹೊಸ ಆಟಗಾರರನ್ನು ಆರಿಸಿಕೊಳ್ಳುವ 2018ರ ಡ್ರಾಫ್ಟ್‌ನಲ್ಲಿ 233ನೆಯವರಾಗಿ ಆಯ್ಕೆಯಾಗಿದ್ದರು. ಎಲ್ಲ ಆಟಗಾರರೂ ತಮ್ಮ ಕಾಲೇಜಿನ ಹೆಸರು ಹೇಳುವ ಕಡೆ ಅವರು ಸಾಲಿನ ತರಬೇತುದಾರ ಜೆಫ್ ಸ್ಟೌಟ್‌ಲ್ಯಾಂಡ್ ಅವರ ಹೆಸರನ್ನೇ ವಿಶ್ವವಿದ್ಯಾಲಯವೆಂದು ಹೇಳಿದ್ದು ಈ ಊರಿನಲ್ಲಿ ಮನೆಮಾತಾಗಿದೆ. ಗುರುಕುಲ ಎಂಬ ಪದವನ್ನು ಮಕ್ಕಳಿಗೆ ಬಿಡಿಸಿ ಹೇಳಲು ನಾನು ಈಗಲೂ ಇದನ್ನೇ ಬಳಸುತ್ತೇನೆ. ಮೈಲಾಟಾ ಅವರ ಮುಂದೆ ಇದ್ದವರು 38 ವರ್ಷದ ಜೇಸನ್ ಪೀಟರ್ಸ್, ಒಂದು ದಶಕ ಎಡ ಟ್ಯಾಕಲ್ ಜಾಗವನ್ನು ಆಳಿದವರು. ನವೆಂಬರ್ ಕೊನೆಯಲ್ಲಿ ಪೀಟರ್ಸ್ ಬಲ ಗಾರ್ಡ್ ಜಾಗಕ್ಕೆ ಸರಿದರು, ಎಡ ಟ್ಯಾಕಲ್ ಆಗಿ ಮೈಲಾಟಾ ನಿಂತರು. ಆ ರಾತ್ರಿಯ ಪಂದ್ಯವನ್ನು ನಾವು ಸೋತೆವು, ಆದರೆ ನನ್ನ ಎಣಿಕೆಯಲ್ಲಿ ಇವತ್ತಿನ ಸಾಲು ಕಟ್ಟಲು ಶುರುವಾದದ್ದು ಅಂದೇ.

ಇದು ನನ್ನನ್ನು ಇಷ್ಟು ಹಿಡಿದಿಟ್ಟುಕೊಂಡದ್ದಕ್ಕೆ ತಿಪಟೂರಿನ ಹೈಸ್ಕೂಲ್ ಮೈದಾನ ಕಾರಣ. ಕಬಡ್ಡಿಯಲ್ಲಿ ನಾನು ಎಂಟನೆಯ ತರಗತಿಯ ಹೊಸಬಳು, ಮೂಲೆಯಲ್ಲಿ ಹತ್ತನೆಯ ತರಗತಿಯ ಅಕ್ಕ. ರೈಡರ್ ಒಳಗೆ ಬಂದಾಗ ಅಕ್ಕ ಬಾಯಿ ಬಿಡುತ್ತಿರಲಿಲ್ಲ. ಹಿಡಿದುಕೊಂಡಿದ್ದ ನನ್ನ ಮಣಿಕಟ್ಟನ್ನು ಒತ್ತಿದರೆ ಮುಂದೆ ನುಗ್ಗಬೇಕು, ಸಡಿಲಿಸಿದರೆ ತಡೆಯಬೇಕು. ನಾನು ಕಲಿತ ಕಬಡ್ಡಿಯೆಲ್ಲ ಆ ಒಂದು ಕೈಯಿಂದ ಬಂದದ್ದು. ಎದುರಾಳಿಯ ಊರಿನಲ್ಲಿ ಜನರ ಗದ್ದಲಕ್ಕೆ ಕ್ವಾರ್ಟರ್‌ಬ್ಯಾಕ್‌ನ ಕೂಗು ಕೇಳಿಸದಿದ್ದಾಗ, ಬಗ್ಗಿ ನಿಂತ ಸೆಂಟರ್‌ಗೆ ಪಕ್ಕದ ಗಾರ್ಡ್ ಕೈ ತಟ್ಟಿ ಸೂಚನೆ ಕೊಡುತ್ತಾನೆ. ಇದನ್ನು ಮೊದಲ ಸಲ ಗಮನಿಸಿದಾಗ ನನ್ನ ಮಣಿಕಟ್ಟಿನ ಮೇಲೆ ಅಕ್ಕನ ಬೆರಳುಗಳು ಇದ್ದಂತೆಯೇ ಆಯಿತು.

ಇನ್ನು ಕ್ಯಾಮ್ ಜರ್ಗೆನ್ಸ್ ಅವರ ವಿಷಯ. 2022ರ ಡ್ರಾಫ್ಟ್‌ಗೆ ಮುಂಚೆ ತಂಡದವರು ಹೊಸ ಸೆಂಟರ್‌ಗಳ ಆಟವನ್ನು ನೋಡಿ ಅಭಿಪ್ರಾಯ ಹೇಳುವಂತೆ ಕೆಲ್ಸಿಯವರನ್ನೇ ಕೇಳಿದ್ದರು, ಅಂದರೆ ತಮ್ಮ ಜಾಗಕ್ಕೆ ಬರುವವನನ್ನು ತಾವೇ ನೋಡಿ ಹೇಳಬೇಕಿತ್ತು. ಅವರು ಮನಸಾರೆ ಮೆಚ್ಚಿದ ಹುಡುಗ ನೆಬ್ರಾಸ್ಕಾದ ಜರ್ಗೆನ್ಸ್. ಎರಡನೆಯ ಸುತ್ತಿನಲ್ಲಿ ತಂಡ ಅವರನ್ನೇ ತೆಗೆದುಕೊಂಡಿತು. ಮೊದಲ ವರ್ಷ ಜರ್ಗೆನ್ಸ್ ಹಿಂದೆ ನಿಂತು ನೋಡಿದರು. 2023ರಲ್ಲಿ ಬಲ ಗಾರ್ಡ್ ಆಗಿ ಕೆಲ್ಸಿಯವರ ಪಕ್ಕದಲ್ಲೇ ನಿಂತರು, ಒಂದು ಮೊಳದ ಅಂತರದಿಂದ ಅವರ ಒಂದೊಂದು ಕೂಗನ್ನೂ ಕೇಳಿಸಿಕೊಂಡರು. 2024ರಲ್ಲಿ ನಡುವಿಗೆ ಬಂದರು. ಆ ಸಾಲಿನ ಹಿಂದೆ ಸೇಕ್ವಾನ್ ಬಾರ್ಕ್ಲಿ 2,005 ಗಜ ಓಡಿದರು. 2025ರ ಜನವರಿ 26ರಂದು, ಸೂಪರ್ ಬೌಲ್‌ಗೆ ಮುಂಚಿನ ಪಂದ್ಯದಲ್ಲಿ, ಬೆನ್ನುನೋವಿನಿಂದ ಜರ್ಗೆನ್ಸ್ ಆರಂಭಕ್ಕೆ ಇಳಿಯಲಾಗದಿದ್ದಾಗ ಎಡ ಗಾರ್ಡ್ ಲ್ಯಾಂಡನ್ ಡಿಕರ್ಸನ್ ನಡುವಿಗೆ ಸರಿದರು. ಅವರ ಮೊಣಕಾಲಿಗೆ ಪೆಟ್ಟಾದಾಗ ಜರ್ಗೆನ್ಸ್ ಆ ನೋವಿನಲ್ಲೇ ಇಳಿದು ಆಟ ಮುಗಿಸಿದರು. ಕೆಲ್ಸಿ ಇಲ್ಲದೆ ಗೆದ್ದೆವು ಎಂದ ಮಗನಿಗೆ ನಾನು ಮೈಲಾಟಾ, ಡಿಕರ್ಸನ್, ಜರ್ಗೆನ್ಸ್ ಎಂದು ಕೆಲ್ಸಿಯವರ ಸಾಲಿನಲ್ಲೇ ನಿಂತು ಬೆಳೆದ ಮೂವರ ಹೆಸರು ಹೇಳಬೇಕಿತ್ತು.

ಈಗ ನಮ್ಮ ಕೂಟದ ಮಾತು. ಇಪ್ಪತ್ತೊಂದು ವರ್ಷಗಳಿಂದ ನಮ್ಮ ವೇದಿಕೆ, ಮೈಕು, ದೀಪ, ಉಗ್ರಾಣ ಎಲ್ಲವನ್ನೂ ನೋಡಿಕೊಂಡ ಹಿರಿಯರು ಜೂನ್‌ನಲ್ಲಿ ಪತ್ನಿಯೊಡನೆ ಶಿವಮೊಗ್ಗಕ್ಕೆ ಹಿಂದಿರುಗುತ್ತಿದ್ದಾರೆ. ಪರದೆ ಸರಿಯುವ ಮುಂಚೆ ಯಾವ ಮಗು ಅಳುತ್ತದೆ ಎಂಬುದೂ ಅವರಿಗೆ ಗೊತ್ತಿರುತ್ತದೆ. ಎರಡು ವರ್ಷಗಳಿಂದ ಅವರು, "ಯಾರನ್ನಾದ್ರೂ ನನ್ನ ಜೊತೆ ನಿಲ್ಸಿ ತಾಯಿ" ಎಂದು ಸಭೆಯಲ್ಲಿ ಕೇಳುತ್ತಲೇ ಇದ್ದಾರೆ, ಮತ್ತು ನಾವು ಯಾರನ್ನೂ ನಿಲ್ಲಿಸಿಲ್ಲ. ಇದು ನನ್ನನ್ನು ನಿಜವಾಗಿ ನೋಯಿಸುತ್ತಿದೆ. ಅವರು ಹೋದ ಮೇಲೆ ಸನ್ಮಾನದ ಶಾಲಿನಿಂದ ದೀಪ ಹೊತ್ತಿಕೊಳ್ಳುವುದಿಲ್ಲ.

ಸೂಚನೆಗಳು ಬೇಗ ಬೇಗ: ವಿಶ್ವಾವಸು ಸಂವತ್ಸರದ ಯುಗಾದಿ ಮಾರ್ಚ್ 30, ಭಾನುವಾರ. ನಮ್ಮ ಆಚರಣೆ ಏಪ್ರಿಲ್ 5, ಶನಿವಾರ ಮಧ್ಯಾಹ್ನ ಮೂರಕ್ಕೆ. ಒಬ್ಬಟ್ಟಿನ ಲೆಕ್ಕವನ್ನು ಮಾರ್ಚ್ 29ರೊಳಗೆ ಅಡುಗೆ ತಂಡಕ್ಕೆ ತಿಳಿಸಿ. ಆಚರಣೆಯ ಮರುದಿನ ರಾಮನವಮಿಯಾದ್ದರಿಂದ ಪಾನಕ, ಕೋಸಂಬರಿಗೆ ಮನೆಗೊಬ್ಬರಾದರೂ ಕೈ ಜೋಡಿಸಿ. ಕನ್ನಡ ತರಗತಿಯ ಮಕ್ಕಳು ಆಚರಣೆಯ ದಿನ ಎರಡು ಗಂಟೆಗೇ ಬರಬೇಕು.

ಏಪ್ರಿಲ್ 5ರ ಬೆಳಿಗ್ಗೆ ಒಂಬತ್ತಕ್ಕೆ ಆ ಹಿರಿಯರು ವೇದಿಕೆ ಕಟ್ಟಲು ಶುರು ಮಾಡುತ್ತಾರೆ. ತಂತಿಗಳ ಬಗ್ಗೆ ಏನೂ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಚಿಕ್ಕವರಾದರೂ ಸರಿ, ಇಬ್ಬರು ಬೇಕು. ಅಂದು ಅವರು ಹೇಳುವುದನ್ನು ಕೇಳಿಸಿಕೊಂಡು, ಮೇ ತಿಂಗಳ ಸಭೆಯಲ್ಲಿ ಅವರ ಎದುರಿಗೇ ನೀವು ಮಾಡಬೇಕು. ನನ್ನ ಮಗ ಬರುತ್ತೇನೆಂದಿದ್ದಾನೆ. ಇನ್ನೊಬ್ಬರ ಹೆಸರಿಗಾಗಿ ಕಾಯುತ್ತಿದ್ದೇನೆ.