ಹಳೇ ಗೋವಾದ ಕರಿಕಲ್ಲಿನ ಬಾಗಿಲನ್ನೂ ಮಕ್ಕಳಿಗೆ ತೋರಿಸಿ

ಮಾನ್ಯ ಸಂಪಾದಕರೇ,

ನಾನು ಬಸವನ ಬಾಗೇವಾಡಿ ಕಡೆಯ ಗೌಂಡಿ. ವಾಸ್ಕೋದ ಬೈನಾದಲ್ಲಿ ನೆಲೆಸಿ 28 ವರ್ಷವಾಯಿತು. ಕಳೆದ ಡಿಸೆಂಬರಿನಲ್ಲಿ ಹಳೇ ಗೋವಾಕ್ಕೆ ಹೋಗಿದ್ದಾಗ ನಮ್ಮ ಜಿಲ್ಲೆಯ ಶಾಲೆಯೊಂದರ ಪ್ರವಾಸದ ಬಸ್ಸು ಬಂದಿತ್ತು. ಊರಿನ ಮಾತು ಕಿವಿಗೆ ಬಿದ್ದ ಖುಷಿಗೆ ಹತ್ತಿರ ಹೋದೆ. ಸೇಂಟ್ ಕಜೆತಾನ್ ಚರ್ಚಿನ ಎದುರು ಒಂಟಿಯಾಗಿ ನಿಂತಿರುವ ಕಲ್ಲಿನ ಬಾಗಿಲಿನ ಮೆಟ್ಟಿಲ ಮೇಲೆ ಮಕ್ಕಳು ಕೂತು ಚುರುಮುರಿ ತಿನ್ನುತ್ತಿದ್ದರು. ‘ಇದೇನ್ರಿ ಸರ್?’ ಎಂದು ಒಬ್ಬ ಹುಡುಗಿ ಕೇಳಿದಳು. ‘ಯಾವುದೋ ಬಿದ್ದ ಚರ್ಚಿಂದು’ ಅಂದುಬಿಟ್ಟರು ಮಾಸ್ತರರು. ನನ್ನ ಕರುಳು ಚುರ್ ಎಂದಿತು.

ಅದು ವಿಜಯಪುರದ ಆದಿಲ್‌ಶಾಹಿ ಅರಮನೆಯ ಬಾಗಿಲು. 1510ರ ನವೆಂಬರ್ 25ರಂದು ಪೋರ್ಚುಗೀಸರ ಸೇನಾನಿ ಅಲ್ಬುಕರ್ಕ್ ಎರಡನೇ ಸಲ ಗೆದ್ದು ಕೈವಶ ಮಾಡಿಕೊಳ್ಳುವ ತನಕ ಈ ಕೋಟೆ, ಈ ಬಂದರು ಎಲ್ಲ ನಮ್ಮವರದೇ. ಅದೇ ಅರಮನೆಯಲ್ಲಿ 1554ರಿಂದ 1695ರವರೆಗೆ ಪೋರ್ಚುಗೀಸ್ ವೈಸರಾಯ್‌ಗಳು ಇದ್ದರು. ರೋಗರುಜಿನಕ್ಕೆ ಹೆದರಿ ಜನ ಊರು ಬಿಟ್ಟರು. ಅರಮನೆಯನ್ನು ಕೆಡವಿದರು, ಬಾಗಿಲು ಉಳಿಯಿತು.

ಗೌಂಡಿಯ ಕಣ್ಣಿನಿಂದ ನೋಡಿ. ಗೋವಾದ ಗೋಡೆಗಳೆಲ್ಲ ಕೆಂಪು ಚಿರೇಕಲ್ಲು, ಇದು ಮಾತ್ರ ಕರಿಕಲ್ಲು, ಗೋಳಗುಮ್ಮಟದ ಜಾತಿಯದು. ಚಿರೇಕಲ್ಲನ್ನು ಕೊಡಲಿಯಲ್ಲಿ ಕೆತ್ತಬಹುದು, ಕರಿಕಲ್ಲಿಗೆ ಉಳಿ ಹಿಡಿದರೆ ಸಂಜೆಗೆ ತೋಳು ಬಿದ್ದುಹೋಗುತ್ತದೆ. ಆರು ಮೆಟ್ಟಿಲು ಹತ್ತಿದರೆ ಪಟ್ಟಿಪಟ್ಟಿಯಾಗಿ ಕಡೆದ ಎರಡು ಕಂಬ, ಮೇಲೊಂದು ಅಡ್ಡಗಲ್ಲು. ಕಮಾನಿಲ್ಲ, ನಮ್ಮ ಗುಡಿಗಳ ಬಾಗಿಲ ಹಾಗೆಯೇ. ಅಕ್ಕಪಕ್ಕ ತೂತು ಕೊರೆದ ಜಾಲಂಧ್ರದ ತುಂಡುಗಳು ಇನ್ನೂ ಇವೆ. ಆ ಹುಡುಗಿಯ ಕೈಯನ್ನು ಕಂಬದ ಮೇಲಿಡಿಸಿದೆ. ‘ನಮ್ಮಜ್ಜಿ ಒಳಕಲ್ಲಿನಂಗೈತಿ’ ಅಂದಳು.

ಎಲ್ಲರೂ ಫೋಟೋ ತೆಗೆಸಿಕೊಳ್ಳುವುದು ಅಲ್ಲೇ ಹೊಳೆಯ ಕಡೆಗಿರುವ ವೈಸರಾಯ್ ಕಮಾನಿನಡಿ. ವಾಸ್ಕೋ ಡ ಗಾಮನ ಮರಿಮಗ ಫ್ರಾನ್ಸಿಸ್ಕೋ ಡ ಗಾಮ ಮುತ್ತಜ್ಜನ ನೆನಪಿಗೆ ಕಟ್ಟಿಸಿದ್ದು. ಅದು ಕುಸಿದು 1954ರಲ್ಲಿ ಮತ್ತೆ ಕಟ್ಟಿದ್ದು. ಅದನ್ನೂ ನೋಡಲಿ, ಬೇಡವೆನ್ನುವುದಿಲ್ಲ.

ವಿಜಯಪುರ, ಬಾಗಲಕೋಟೆ ಕಡೆಯ ಶಿಕ್ಷಕರಲ್ಲಿ ನನ್ನ ಕೋರಿಕೆ ಇಷ್ಟೇ: ಬೀಚಿಗೆ ಹೊರಡುವ ಮುನ್ನ ಈ ಬಾಗಿಲ ಮುಂದೆ ಹತ್ತು ನಿಮಿಷ ಬಸ್ಸು ನಿಲ್ಲಿಸಿ. ಪುರಾತತ್ವ ಇಲಾಖೆಯವರು ಪಕ್ಕದಲ್ಲಿ ಕನ್ನಡದ ಫಲಕವನ್ನೂ ಹಾಕಿಸಲಿ. ಫಲಕ ಬರುವ ತನಕ, ಭಾನುವಾರ ನನಗೆ ಕೆಲಸವಿರುವುದಿಲ್ಲ, ಮಧ್ಯಾಹ್ನದವರೆಗೆ ನಾನೇ ಅಲ್ಲಿ ನಿಂತು ಹೇಳುತ್ತೇನೆ.

– ಒಬ್ಬ ಗೌಂಡಿ, ಬೈನಾ, ವಾಸ್ಕೋ (ಗೋವಾ)